ಬೊಟ್ಟಿನ ಲೋಟ

"ಉಗಿ! ಉಗಿ ಅಂತ ಹೇಳಿದ್ದು ನಾನು! ದರಿದ್ರದವಳೇ, ಬಾಯಲ್ಲಿರುವ ನೀರನ್ನು ಈಗಲೇ ಉಗಿ!"

ಸೆರ್ಪಿನ ಉಗಿಯಲಿಲ್ಲ. ಗುಳಕ್ಕನೆ ನುಂಗಿದಳು. ಆ ಶಬ್ದ ಮನೆಯೊಡತಿ ಹಿಲ್ಡಾ ಬಾಯಿಯ ಕಿವಿಗೆ ಬಾವಿಗೆ ಬಂಡೆ ಬಿದ್ದ ಹಾಗೆ ಕೇಳಿಸಿತು.

"ನುಂಗಿದಳು! ನನ್ನ ಎದುರಿಗೇ ನುಂಗಿದಳು! ಆ ಲೋಟ ಯಾರದ್ದು ಗೊತ್ತುಂಟಾ ನಿನಗೆ?"

"ಕಾಂತಿಯದ್ದು ಬಾಯಮ್ಮ."

"ಗೊತ್ತಿದ್ದೂ ಕುಡಿದೆಯಾ?"

"ಬಾಯಾರಿಕೆ ಆಗಿತ್ತು. ಬಾವಿ ಒಂದೇ ಅಲ್ವಾ?"

"ಬಾವಿ ಒಂದೇ, ಲೋಟ ಬೇರೆ! ಅದಕ್ಕೆ ಬೊಟ್ಟು ಇಟ್ಟದ್ದು ಚಂದಕ್ಕಾ, ರಂಡೆ?"

ಚಂದಕ್ಕಲ್ಲ ಎಂಬುದು ಆ ಹಿತ್ತಿಲಿನ ಕೋಳಿಗಳಿಗೂ ಗೊತ್ತಿತ್ತು. ಲಿಗೋರಿ ಧಣಿಯದ್ದು ಕ್ರಿಸ್ತಾನರ ಮನೆ, ಅಲ್ಲಿ ಯಾರ ಹಣೆಯಲ್ಲೂ ಬೊಟ್ಟಿಲ್ಲ. ಆದರೆ ಬಚ್ಚಲಿನ ಹಿಂದಿನ ಮೋಟುಗೋಡೆಯ ಮೇಲೆ ಕವುಚಿಟ್ಟ ಮೂರು ಸ್ಟೀಲ್ ಲೋಟಗಳ ಅಂಡಿನಲ್ಲಿ ಒಂದೊಂದು ಕೆಂಪು ಬೊಟ್ಟಿತ್ತು. ಧಣಿಯ ಮದುವೆಯ ಬೆಳ್ಳಿಹಬ್ಬಕ್ಕೆ ಮಾಡಿಸಿದ ಲೋಟಗಳವು. 'ಲಿಗೋರಿ–ಹಿಲ್ಡಾ' ಎಂದು ಹೆಸರು ಕೊರೆಸಿದಂಥವು ಅಟ್ಟದ ತುಂಬ ಇದ್ದವು. ಎಲ್ಲವೂ ಒಂದೇ ನಮೂನೆ. ಬೊಟ್ಟಿಲ್ಲದಿದ್ದರೆ ಯಾವುದು ಯಾರದ್ದೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ದುಬಾಯಿಯ ಮಗಳು ತಂದುಕೊಟ್ಟ ಉಗುರುಬಣ್ಣ ಇಗರ್ಜಿಗೆ ಹಚ್ಚಿಕೊಂಡು ಹೋಗಲು ವಿಪರೀತ ಕೆಂಪಾಯಿತೆಂದು ಹಿಲ್ಡಾ ಬಾಯಿ ಅದನ್ನು ಈ ಕೆಲಸಕ್ಕೆ ಇಟ್ಟುಕೊಂಡಿದ್ದಳು. ಒಂದು ಲೋಟ ಹಟ್ಟಿ ಬಾಚಲು ಬರುವ ಕಾಲನಿಯ ಕಾಂತಿಗೆ. ಇನ್ನೊಂದು ಸ್ಕೂಟರಿನಲ್ಲಿ ಮೀನು ತರುವ ಅಬ್ದುಲ್ ನಾಸಿರನಿಗೆ. ಮೂರನೆಯದು, ಜಾತಿ ಯಾವುದೆಂದು ಮುಖ ನೋಡಿದ ಕೂಡಲೇ ಗೊತ್ತಾಗದವರಿಗೆ.

ಸೆರ್ಪಿನಳಿಗೆ ಮಾತ್ರ ಬೊಟ್ಟಿಲ್ಲದ ಲೋಟ. ಕೂಲಿಯವಳಾದರೂ ಇಗರ್ಜಿಗೆ ಬರುವವಳು, ಅಡಿಗೆಮನೆಯೊಳಗೆ ಮಸಾಲೆ ಕಡೆಯುವವಳು. ಅವಳ ಗಂಡ ಲಾದ್ರು ಧಣಿಯ ರಬ್ಬರು ತೋಟದಲ್ಲಿ ಹಾಲು ತೆಗೆದು ತೆಗೆದು, ಕೊನೆಗೆ ಮರಕ್ಕೇ ಒರಗಿ ತೀರಿಹೋಗಿದ್ದ. ತೋಟದ ಅಂಚಿನಲ್ಲಿ ಅವನು ಕಟ್ಟಿದ ಶೀಟಿನ ಗೂಡಿನಲ್ಲಿ ಇವಳು ಒಬ್ಬಳೇ ಇದ್ದಳು. ಜಾಗ ಧಣಿಯದ್ದು. "ಸರಿಯಾಗಿದ್ದರೆ ಇರು," ಎಂದು ಧಣಿ ಬಾಯಲ್ಲಿ ಹೇಳಿದ್ದೇ ಅವಳಿಗಿದ್ದ ಆಧಾರ.

ಇಷ್ಟು ವರ್ಷ ಸರಿಯಾಗಿಯೇ ಇದ್ದವಳಿಗೆ ಈ ಪೆದಂಬು, ಈ ಅಡ್ಡಬುದ್ಧಿ, ಹತ್ತಿದ್ದು ಇಗರ್ಜಿಯಲ್ಲಿ. ಹೊಸದಾಗಿ ಬಂದ ಫಾದರ್ ಆದಿತ್ಯವಾರದ ಪ್ರಸಂಗದಲ್ಲಿ, ಪ್ರೀತಿಗೆ ತಕ್ಕಡಿ ಇಡಬೇಡಿ, ನಿಮಗೆ ಏನು ಬೇಕೋ ಅದನ್ನೇ ಪಕ್ಕದವರಿಗೂ ಕೊಡಿ, ಮರಳಿ ಏನೂ ಕೇಳಬೇಡಿ ಎಂದಿದ್ದರು. ಉಳಿದವರು ಅದನ್ನು ಮನೆಯಲ್ಲಿ ಬೇಯುತ್ತಿದ್ದ ಹಂದಿಮಾಂಸದ ಯೋಚನೆಯಲ್ಲಿ ಕೇಳಿದರು. ಸೆರ್ಪಿನಳ ಮನೆಯಲ್ಲಿ ಏನೂ ಬೇಯುತ್ತಿರಲಿಲ್ಲವಾದ್ದರಿಂದ ಅವಳು ಪೂರ್ತಿ ಕೇಳಿಸಿಕೊಂಡಳು. ಪೂಜೆ ಮುಗಿದ ಮೇಲೆ ಮೆಟ್ಟಿಲಿನಲ್ಲಿ ಫಾದರನ್ನು ಹಿಡಿದಳು.

"ಫಾದರ್, ಪಕ್ಕದವರು ಅಂದ್ರೆ ನಮ್ಮ ಇಗರ್ಜಿಯ ವಾರ್ಡಿನವರು ಮಾತ್ರವಾ?"

"ಅಲ್ಲ ಬಾಯಿ, ಎಲ್ಲರೂ."

"ಮೀನಿನ ನಾಸಿರಾಕ?"

"ಅವರೂ."

"ಹಟ್ಟಿ ಬಾಚುವ ಕಾಂತಿ?"

"ಅವರೇ ಮೊದಲು."

"ಹಿಲ್ಡಾ ಬಾಯಮ್ಮ?"

ಫಾದರ್ ಕನ್ನಡಕ ತೆಗೆದು ಒರೆಸಿದರು. "ಅವರೂ," ಎಂದರು ಸ್ವಲ್ಪ ತಡವಾಗಿ. "ಅದಕ್ಕೆ ಪ್ರಾರ್ಥನೆಯೂ ಬೇಕಾಗ್ತದೆ."

ಅಂದಿನಿಂದ ಸೆರ್ಪಿನ ಎದುರು ಸಿಕ್ಕಿದವರನ್ನೆಲ್ಲ ಪ್ರೀತಿಸಲು ಶುರು ಮಾಡಿದಳು. ಮೊದಲು ಧಣಿಯ ನಾಯಿ ಟೈಗರ್. ಆ ನಾಯಿ ಪೋಸ್ಟ್‌ಮ್ಯಾನನ್ನು ಬೆಳ್ತಂಗಡಿಯವರೆಗೆ ಓಡಿಸಿ, ವಾಪಸು ಬರುವಾಗ ಬಸ್ಸಿಗೆ ಕೈ ಅಡ್ಡ ಹಿಡಿದು ಬಂದದ್ದೆಂದು ಊರಿನಲ್ಲಿ ಹೇಳುತ್ತಾರೆ. ಸೆರ್ಪಿನ ಅದಕ್ಕೆ ದಿನಾ ತನ್ನ ಗಂಜಿಯಲ್ಲಿ ಪಾಲು ಕೊಟ್ಟು, "ಬಾ ಮಗಾ" ಎಂದು ಕರೆದು ಕರೆದು, ಈಗ ಅದು ಕಳ್ಳ ಬಂದರೂ ಬಾಲ ಅಲ್ಲಾಡಿಸಿ ಕೂರಲು ಜಾಗ ತೋರಿಸುವ ಸ್ಥಿತಿಗೆ ಬಂದಿತ್ತು. ಹಿಲ್ಡಾ ಬಾಯಿಯನ್ನು ಪ್ರೀತಿಸುವುದು ಅಷ್ಟು ಸುಲಭವಿರಲಿಲ್ಲ. ಅವಳು ಹಿತ್ತಿಲಿನಲ್ಲಿ ಬೈದರೆ ಅಳದಂಗಡಿ ಪೇಟೆಯಲ್ಲಿ ಮಲಗಿದ ದನ ಎದ್ದು ಮಗ್ಗುಲು ಬದಲಿಸುತ್ತಿತ್ತು. ಆದರೂ ಸೆರ್ಪಿನ ಬಿಡಲಿಲ್ಲ. ಬೈಗಳು ತಿಂದ ದಿನ ಅವಳ ಕಾಲಿಗೆ ಎಣ್ಣೆ ಇನ್ನೂ ಸ್ವಲ್ಪ ಜಾಸ್ತಿ ಹಾಕಿ ತಿಕ್ಕುತ್ತಿದ್ದಳು.

ಕಾಂತಿಯ ಹತ್ತಿರ ಬಂದಾಗ ಮಾತ್ರ ಪ್ರೀತಿಯ ಕಾಲಿಗೆ ಆ ಲೋಟ ತಾಗಿತು.

ನೀರು ನುಂಗಿದ ಮಾರನೆಯ ದಿನ ಹತ್ತು ಗಂಟೆಯ ಚಹಾದ ಹೊತ್ತು. ಕಾಂತಿ ಸೆಗಣಿ ಹೊತ್ತು ಮುಗಿಸಿ, ಕೈ ತೊಳೆದು, ಮೋಟುಗೋಡೆಯಿಂದ ತನ್ನ ಲೋಟ ತಾನೇ ತೆಗೆದು, ತಾನೇ ತೊಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ದೂರ ನಿಂತಳು. ಅಲ್ಲಿಯ ಕ್ರಮ ಅದು. ಹಿಲ್ಡಾ ಬಾಯಿ ಚೊಂಬಿನಿಂದ ಒಂದು ಮೊಳ ಮೇಲಿನಿಂದ ಚಹಾ ಹೊಯ್ದಳು. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಕಲ್ಲಿಗೆ.

"ನಿಮ್ಮ ಕಲ್ಲಿಗೆ ನನಗಿಂತ ಜಾಸ್ತಿ ಚಹಾ ಸಿಗ್ತದೆ ಅಮ್ಮ," ಎಂದಳು ಕಾಂತಿ.

"ಬಾಯಿ ಜಾಸ್ತಿ ಆಯ್ತು ನಿಂದು."

ಅಷ್ಟರಲ್ಲಿ ಸೆರ್ಪಿನ ಅಡಿಗೆಮನೆಯಿಂದ ಹೊರಗೆ ಬಂದು, ಆ ಮೂರನೆಯ ಲೋಟ ಎತ್ತಿಕೊಂಡು, ಒಗೆಯುವ ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತಳು. "ನನಗೂ ಇಲ್ಲೇ ಹೊಯ್ಯಿರಿ ಬಾಯಮ್ಮ. ಗಾಳಿ ಬರ್ತದೆ."

ಹಿಲ್ಡಾ ಬಾಯಿ ಮಾತಿಲ್ಲದೆ ಒಳಗೆ ಹೋದಳು. ಅವಳು ಮಾತಿಲ್ಲದೆ ಹೋದರೆ ಧಣಿ ಹೊರಗೆ ಬರುತ್ತಾರೆಂದು ಅರ್ಥ. ಬಂದರು. ಲಿಗೋರಿ ಧಣಿ ವಾರ್ಡಿನ ಗುರಿಕಾರರು. ಇಗರ್ಜಿಗೆ ವಂತಿಗೆ ಎತ್ತುವುದು, ಮನೆಮನೆ ಪ್ರಾರ್ಥನೆ ನಡೆಸುವುದು ಅವರ ಕೆಲಸ. ಹೊಟ್ಟೆ ಮೊದಲು ಬಂತು, ಆಮೇಲೆ ಅವರು.

"ಎಂತ ಸೆರ್ಪಿನ? ಮಂಡೆ ಸರಿ ಉಂಟಾ?"

"ಉಂಟು ಧಣಿ."

"ನಮ್ಮವಳು ಅಂತ ಒಳಗೆ ಬಿಟ್ಟದ್ದು. ಅಲ್ಲಿ ಕೂತು ಕುಡಿದು, ಅದೇ ಕೈಯಲ್ಲಿ ನನ್ನ ಮಸಾಲೆ ಕಡೆಯುವುದಾ?"

"ಕೈ ತೊಳೀತೇನೆ ಧಣಿ. ಕಾಂತಿಯೂ ತೊಳೆದಿದ್ದಾಳೆ."

"ವಾದ ಬೇಡ ಬೇವರ್ಸಿ! ಬರುವ ಆದಿತ್ಯವಾರ ವಾರ್ಡಿನ ಪ್ರಾರ್ಥನೆ ನಮ್ಮ ಮನೆಯಲ್ಲಿ. ಫಾದರ್ ಬರ್ತಾರೆ. ಅಷ್ಟರೊಳಗೆ ನೀನು ಹೇಗೆ ಇದ್ದೆಯೋ ಹಾಗೆ ಆಗಬೇಕು. ಇಲ್ಲವಾ, ನಿನ್ನ ಗೂಡಿನ ಶೀಟು ಬಿಚ್ಚಿ ತೋಡಿಗೆ ಬಿಸಾಡ್ತೇನೆ. ಲಾದ್ರುವಿನ ಮುಖ ನೋಡಿ ಇಟ್ಟದ್ದು ನಿನ್ನನ್ನು."

"ಅಷ್ಟರವರೆಗೆ ಇವಳಿಗೂ ಬೊಟ್ಟು!" ಎಂದು ಒಳಗಿನಿಂದ ಬಂದ ಹಿಲ್ಡಾ ಬಾಯಿ ಉಗುರುಬಣ್ಣದ ಕುಪ್ಪಿಯನ್ನು ಸೆರ್ಪಿನಳ ಮಡಿಲಿಗೆ ಎಸೆದಳು. "ನಿನ್ನ ಲೋಟಕ್ಕೆ ನೀನೇ ಹಾಕಿಕೊ. ನಾಚಿಕೆ ಆಗಲಿ."

ಸೆರ್ಪಿನ ಒಳಗಿನಿಂದ ತನ್ನ ಲೋಟ ತಂದು, ನಾಲಗೆ ಸ್ವಲ್ಪ ಹೊರಗೆ ಹಾಕಿ, ಮದರಂಗಿ ಇಡುವಷ್ಟು ಜತನದಿಂದ ಅದರ ಅಂಡಿಗೆ ಬೊಟ್ಟಿಟ್ಟಳು. ಊದಿ ಒಣಗಿಸಿದಳು. ಕುಪ್ಪಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ವಾಪಸು ಕೇಳಲು ಹಿಲ್ಡಾ ಬಾಯಿಗೆ ಸಿಟ್ಟಿನಲ್ಲಿ ನೆನಪಾಗಲಿಲ್ಲ.

ಗೇಟಿನ ಹತ್ತಿರ ನಾಸಿರನ ಸ್ಕೂಟರಿನ ಹಾರ್ನ್ ಕೂಗಿತು. ಬಂಗುಡೆ ಕೊಟ್ಟು, ನೀರು ಕುಡಿಯಲು ಹಿತ್ತಿಲಿಗೆ ಬಂದವನು ನಾಲ್ಕನೆಯ ಬೊಟ್ಟು ನೋಡಿ ಹುಬ್ಬು ಹಾರಿಸಿದ.

"ಎಂತ ಬಾಯಿ, ನಿಮಗೂ ಐಎಸ್‌ಐ ಮಾರ್ಕ್ ಸಿಕ್ಕಿತಾ? ನಾನು ಬಂಟ್ವಾಳದಿಂದ ಮೂಡುಬಿದಿರೆವರೆಗೆ ಮೀನು ಮಾರಿದವ ಮಾರ್ರೆ. ಎಷ್ಟು ಮನೆಯ ಹಿತ್ತಿಲಲ್ಲಿ ನೀರು ಕುಡಿದಿದ್ದೇನೆ! ಒಂದು ಕಡೆ ಒಡೆದ ಕಪ್ಪು, ಒಂದು ಕಡೆ ಗೆರಟೆ. ಮಾರ್ಕ್ ಹಾಕಿದ ಮಾಲು ಈ ಮನೆಯಲ್ಲಿ ಮಾತ್ರ."

ಕಾಂತಿ ನಗಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಅದೂ ಸೆರ್ಪಿನಳ ಮೇಲೆ.

"ನಿನಗೆ ಯಾರು ಹೇಳಿದ್ದು ಬಾಯಕ್ಕ, ಇಲ್ಲಿ ಬಂದು ಕೂರ್ಲಿಕ್ಕೆ? ನಾಳೆ ನಿನ್ನ ಗೂಡು ಕಿತ್ತರೆ ಕಾಂತಿಯಿಂದ ಆಯ್ತು ಅಂತಾರೆ. ನಿನ್ನ ಏಸುವಿಗೆ ಬೇರೆ ಕೆಲಸ ಇಲ್ವಾ?"

"ನಿನ್ನನ್ನು ಪ್ರೀತಿ ಮಾಡ್ಬೇಕು ಅಂತ ಫಾದರ್—"

"ನಿನ್ನ ಪ್ರೀತಿ ತಗೊಂಡು ನಾನೇನು ಉಪ್ಪಿನಕಾಯಿ ಹಾಕುವುದಾ? ಪ್ರೀತಿ ಉಂಟಾದ್ರೆ ಈ ಬೊಟ್ಟು ಅಳಿಸಿ ಕೊಡು. ಕೂತು ಕುಡಿದರೆ ನನಗೆ ಎಂತ ಸಿಕ್ಕಿತು? ಮೊದಲು ಒಬ್ಬಳು ಇದ್ದೆ, ಈಗ ಇಬ್ಬರು ಆದೆವು, ಅಷ್ಟೇ."

ಸೆರ್ಪಿನಳಿಗೆ ಆ ಮಾತು ಎದೆಗೇ ತಾಗಿತು. ಕಾಂತಿಯ ಲೋಟ ತೆಗೆದುಕೊಂಡು ಬೂದಿ ಹಾಕಿ ತಿಕ್ಕಿದಳು. ಹೊಯ್ಗೆ ಹಾಕಿ ತಿಕ್ಕಿದಳು. ತೆಂಗಿನ ನಾರು ಸವೆಯಿತು, ಲೋಟದ ಮೇಲಿದ್ದ ಲಿಗೋರಿಯ ಹೆಸರು ಅರ್ಧ ಅಳಿಯಿತು, ದುಬಾಯಿಯ ಬಣ್ಣ ಮಾತ್ರ ಹಾಗೇ ಇತ್ತು.

"ಹೋಗುದಿಲ್ಲ ಮಾರಾಯ್ತಿ ಇದು."

"ಹೋಗುದಿಲ್ಲ ಅಂದ್ರೆ ಎಲ್ಲದಕ್ಕೂ ಹಾಕಿಬಿಡು," ಎಂದು ಕಾಂತಿ ಸಿಟ್ಟಿನಲ್ಲೇ ಹೇಳಿ ಬುಟ್ಟಿ ಎತ್ತಿದಳು.

ನಾಸಿರ ಮೊದಲು ನಕ್ಕ. ಆಮೇಲೆ ಕಾಂತಿ. ಸೆರ್ಪಿನ ನಗಲಿಲ್ಲ. ಅವಳ ಕೈ ಸೊಂಟದಲ್ಲಿದ್ದ ಕುಪ್ಪಿಯ ಮೇಲೆ ಹೋಗಿತ್ತು.

"ಬಾಯಕ್ಕ," ಕಾಂತಿಯ ನಗು ನಿಂತಿತು. "ನಾನು ತಮಾಷೆಗೆ ಹೇಳಿದ್ದು."

"ಗೊತ್ತುಂಟು."

"ಗೂಡು ಹೋಗ್ತದೆ ನಿಂದು."

"ಗೊತ್ತುಂಟು ಮಾರಾಯ್ತಿ."

ಆದಿತ್ಯವಾರ ಬಂತು. ಪೇಪರ್ ಕಪ್ಪು ಬೇಡ, ಊರಿಡೀ ಕಸ ಆಗ್ತದೆ ಎಂದು ಫಾದರ್ ಮೊದಲೇ ಹೇಳಿದ್ದರಿಂದ, ಹಿಲ್ಡಾ ಬಾಯಿ ಬಹಳ ಸಂತೋಷದಿಂದ ಬೆಳ್ಳಿಹಬ್ಬದ ಲೋಟಗಳನ್ನು ಅಟ್ಟದಿಂದ ಇಳಿಸಿದಳು. ಎಲ್ಲರೂ ಹೆಸರು ಓದಲಿ ಎಂದು ಅವಳ ಆಸೆ. ಸೆರ್ಪಿನಳೂ ಕಾಂತಿಯೂ ಹಿತ್ತಿಲಿನಲ್ಲಿ ಕೂತು ಅವುಗಳನ್ನು ತೊಳೆದರು. ತೊಳೆಯುವವರೆಗೆ ಕಾಂತಿ ಮುಟ್ಟಬಹುದು, ತೊಳೆದ ಮೇಲೆ ಮುಟ್ಟಬಾರದು. ಅದೂ ಅಲ್ಲಿಯ ಕ್ರಮ. ತೊಳೆದ ಲೋಟಗಳನ್ನು ಸೆರ್ಪಿನ ಚಾಪೆಯ ಮೇಲೆ ಬಿಸಿಲಿಗೆ ಕವುಚಿಟ್ಟಳು. ಮಧ್ಯಾಹ್ನ ಧಣಿ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದರು. ಹಿಲ್ಡಾ ಬಾಯಿ ತಲೆಗೆ ಬಣ್ಣ ಹಚ್ಚಿಕೊಂಡು ಕನ್ನಡಿಯ ಮುಂದೆ ಕೂತಿದ್ದಳು. ಟೈಗರ್ ಬಾಗಿಲಲ್ಲಿ ಕಾವಲು ಮಲಗಿತ್ತು. ಸೂರ್ಯ ಎಷ್ಟು ಚೆನ್ನಾಗಿ ಕಾದನೆಂದರೆ, ಲೋಟಗಳ ಒಂದು ಸಾಲು ಮುಗಿಯುವಾಗ ಹಿಂದಿನ ಸಾಲಿನ ಬಣ್ಣ ಒಣಗಿರುತ್ತಿತ್ತು.

ಸಂಜೆ ಚಾವಡಿ ತುಂಬಿತು. ಸುತ್ತಲೂ ಕುರ್ಚಿ, ನಡುವೆ ಮೇಣದ ಬತ್ತಿ. ಗುರಿಕಾರ ಲಿಗೋರಿಯವರು ಎದ್ದು ನಿಂತು, ಎದೆಯ ಮೇಲೆ ಕೈ ಇಟ್ಟು, ಷರತ್ತಿಲ್ಲದ ಪ್ರೀತಿಯ ವಿಷಯ ಮಾತಾಡಿದರು. ಅವರು ಎಷ್ಟು ಪ್ರೀತಿಯಿಂದ ಮಾತಾಡಿದರೆಂದರೆ ಗೋಡೆಯ ಮೇಲಿದ್ದ ಹಲ್ಲಿ ಬಾಯಿಗೆ ಬಂದ ನೊಣವನ್ನು ಬಿಟ್ಟುಬಿಟ್ಟಿತು. "ನಾವು ನಮಗೆ ಎಂತ ಮಾಡಿಕೊಳ್ತೇವೋ, ಅದನ್ನೇ ಇನ್ನೊಬ್ಬನಿಗೂ ಮಾಡ್ಬೇಕು," ಎಂದು ಮುಗಿಸಿ ಕಣ್ಣೊರೆಸಿಕೊಂಡರು. ಎಲ್ಲರೂ ಆಮೆನ್ ಎಂದರು.

ಸೆರ್ಪಿನ ಬನ್ಸೂ ಚಹಾವೂ ತಂದಳು. ಫಾದರಿಗೆ ಮೊದಲು. ಆಮೇಲೆ ಸುತ್ತಲೂ ಎಲ್ಲರಿಗೂ.

ಬೊಟ್ಟಿನ ಲೋಟದ ಒಂದು ಗುಣವಿದೆ. ಕುಡಿಯುವವನಿಗೆ ಬೊಟ್ಟು ಕಾಣುವುದಿಲ್ಲ. ಎದುರು ಕೂತವನಿಗೆ ಮಾತ್ರ ಕಾಣುತ್ತದೆ.

ಫಾದರ್ ಲೋಟ ಎತ್ತಿದರು. ಎದುರಿಗಿದ್ದ ಹಿಲ್ಡಾ ಬಾಯಿಯ ಕಣ್ಣು ಅದರ ಅಂಡಿನ ಮೇಲೆ ಬಿತ್ತು. ಮರುಕ್ಷಣ ಅವಳು ಮೇಣದ ಬತ್ತಿಯನ್ನೂ ದಾಟಿ ಹಾರಿದಳು.

"ಫಾದರ್, ಕುಡಿಯಬೇಡಿ! ಅಯ್ಯಯ್ಯೋ, ಅದು ಕಾಂತಿಯ ಲೋಟ!"

ಫಾದರ್ ಕೈಯಿಂದ ಲೋಟ ಕಿತ್ತಳು. ಬಿಸಿ ಚಹಾ ಅವರ ಬಿಳಿ ನಿಲುವಂಗಿಯ ಮೇಲೆ ಬಿತ್ತು.

"ಯಾರ ಲೋಟ?" ಎಂದರು ಫಾದರ್, ಬಟ್ಟೆ ಮೈಗೆ ತಾಗದ ಹಾಗೆ ಹಿಡಿದುಕೊಂಡು.

"ಹಟ್ಟಿಗೆ ಬರುವವಳದ್ದು ಫಾದರ್! ಅವರಿಗೆ ಅಂತ ಬೊಟ್ಟು ಹಾಕಿ ಬೇರೆ ಇಟ್ಟದ್ದು, ಈ ರಂಡೆ ನಿಮಗೆ—"

ಹೇಳಿದ್ದು ಏನೆಂದು ಅವಳ ಕಿವಿಗೆ ತಡವಾಗಿ ತಲುಪಿತು. ಆಗ ಮೂಲೆಯಲ್ಲಿದ್ದ ಮುದುಕನೊಬ್ಬ, ಕಿವಿ ಸ್ವಲ್ಪ ಮಂದ, ಏನೂ ತಿಳಿಯದೆ ತನ್ನ ಲೋಟ ಎತ್ತಿ ಸೊರ್‍ರೆಂದು ಕುಡಿದ. ಅವನ ಅಂಡಿನಲ್ಲೂ ಬೊಟ್ಟು. ಅಲ್ಲ, ಅವನ ಲೋಟದ ಅಂಡಿನಲ್ಲಿ. ಪಕ್ಕದವನು ತನ್ನದನ್ನು ಓರೆ ಮಾಡಿ ನೋಡಿದ. ಅವನ ಪಕ್ಕದವಳು ಪೂರ್ತಿ ತಿರುಗಿಸಿಯೇ ನೋಡಿ ಸೀರೆಯ ತುಂಬ ಚಹಾ ಸುರಿದುಕೊಂಡಳು. ಸುತ್ತಲೂ ಲೋಟಗಳು ತಲೆಕೆಳಗಾದವು. ಎಲ್ಲದಕ್ಕೂ ಬೊಟ್ಟು. ಧಣಿಯ ಲೋಟಕ್ಕೆ ಸ್ವಲ್ಪ ದೊಡ್ಡ ಬೊಟ್ಟು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬಳು ಕಿಸಕ್ಕೆಂದು ನಕ್ಕು ಕೆಮ್ಮಿದಳು. ಆ ವಾರ್ಡಿನಲ್ಲಿ ಹಿತ್ತಿಲೂ ಮೋಟುಗೋಡೆಯೂ ಇದ್ದದ್ದು ಧಣಿಯ ಮನೆಯಲ್ಲಿ ಮಾತ್ರ ಅಲ್ಲವಲ್ಲ.

"ಯಾರು ಮಾಡಿದ್ದು ಇದು?" ಲಿಗೋರಿ ಧಣಿಯ ಧ್ವನಿ ಬಿರಿಯಿತು.

"ನಾನು ಧಣಿ," ಎಂದಳು ಸೆರ್ಪಿನ. ಚಹಾದ ಕೆಟ್ಲು ಇನ್ನೂ ಅವಳ ಕೈಯಲ್ಲಿತ್ತು. "ನಮಗೆ ಎಂತ ಉಂಟೋ ಅದನ್ನೇ ಇನ್ನೊಬ್ಬರಿಗೂ ಅಂತ ನೀವು ಈಗಲೇ ಹೇಳಿದ್ರಲ್ವಾ. ನನಗೆ ಇದ್ದದ್ದು ಒಂದು ಬೊಟ್ಟು. ಯಾರಿಗೂ ಕಡಿಮೆ ಮಾಡ್ಲಿಲ್ಲ."

"ನಾಳೆ ಬೆಳಿಗ್ಗೆ ನಿನ್ನ ಗೂಡು ಇರುದಿಲ್ಲ!"

ಸೆರ್ಪಿನ ಫಾದರ್ ಕಡೆ ನೋಡಿದಳು. ಫಾದರ್ ಒದ್ದೆ ನಿಲುವಂಗಿಯ ಕಡೆ ನೋಡುತ್ತಿದ್ದರು. "ಸಿಟ್ಟು ಬೇಡ ಲಿಗೋರಿ," ಎಂದರು ಕೊನೆಗೆ. "ಮಾತಾಡುವ. ಇನ್ನೊಮ್ಮೆ ಕೂತು ಮಾತಾಡುವ." ಇಗರ್ಜಿಯ ಹೊಸ ಛಾವಣಿಗೆ ಧಣಿಯೇ ಮರ ಕೊಡುವುದೆಂದು ಆಗಿತ್ತು.

ಮಾರನೆಯ ಬೆಳಿಗ್ಗೆ ಧಣಿ ಏಣಿ ತಂದರು. ಶೀಟು ಬಿಚ್ಚಲು ಜನ ಕರೆದಿದ್ದರು, ಒಬ್ಬನೂ ಬಂದಿರಲಿಲ್ಲ. ಕಾಲನಿಯಲ್ಲಿ ಒಬ್ಬನಿಗೆ ಕೈನೋವು, ಒಬ್ಬನಿಗೆ ಕಾಲುನೋವು, ಒಬ್ಬನಿಗೆ ಹೆಂಡತಿಯ ತಂಗಿಯ ಹಲ್ಲುನೋವು. ಕಾಂತಿ ಮನೆಮನೆಗೆ ಹೋಗಿ ನೋವು ಹಂಚಿ ಬಂದಿದ್ದಳು. ವಾರ್ಡಿನ ವಾಟ್ಸಾಪಿನಲ್ಲಿ ಲೋಟದ ಫೋಟೋ ಮೂಡುಬಿದಿರೆ ದಾಟಿಹೋಗಿತ್ತು. ಧಣಿ ಸ್ಪ್ಯಾನರ್ ಕಚ್ಚಿಕೊಂಡು ತಾವೇ ಏಣಿ ಹತ್ತಿದರು. ಏಣಿ ಅಲ್ಲಾಡಿತು.

"ಜಾಗ್ರತೆ ಧಣಿ!" ಸೆರ್ಪಿನ ಓಡಿ ಬಂದು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದಳು. "ಆ ಎಡದ ಪಕಾಸಿನ ಮರದ ಮೇಲೆ ಕಾಲಿಡಬೇಡಿ, ಗೆದ್ದಲು ತಿಂದಿದೆ. ಬಲಕ್ಕೆ ಬನ್ನಿ. ಹಾಂ, ಅಲ್ಲಿ."

"ನಿನಗೆ ಮಂಡೆ ಕೆಟ್ಟಿದೆಯಾ ಬಾಯಕ್ಕ?" ಎಂದಳು ಅಂಗಳದಲ್ಲಿ ನಿಂತಿದ್ದ ಕಾಂತಿ. "ನಿನ್ನ ಮಾಡು ಕೀಳುವವನಿಗೆ ಏಣಿ ಹಿಡೀತೀಯಾ?"

"ಬಿದ್ದರೆ ಸೊಂಟ ಮುರೀತದೆ ಮಾರಾಯ್ತಿ. ಪ್ರಾಯ ಆಯ್ತು ಅವರಿಗೆ."

ಒಂದು ಶೀಟು ಬಿಚ್ಚಿ ಕೆಳಗೆ ಬಿತ್ತು. ಇನ್ನೊಂದು ಬಿತ್ತು. ಗೂಡಿನೊಳಗೆ ಬಿಸಿಲು ಇಳಿದು ಸೆರ್ಪಿನಳ ಚಾಪೆಯ ಮೇಲೆ, ಗಂಜಿಯ ಪಾತ್ರೆಯ ಮೇಲೆ, ಗೋಡೆಯ ಮಾತೆ ಮರಿಯಮ್ಮನ ಮೇಲೆ ಕೂತಿತು. ರಬ್ಬರಿನ ಎಲೆ ಉದುರಿದ ಕಾಲ, ನೆರಳೆಂಬುದಿಲ್ಲ. ಧಣಿಯ ಅಂಗಿ ಮೈಗಂಟಿತು. ತುಟಿ ಒಣಗಿತು. ಮೂರನೆಯ ಶೀಟಿನ ಬೋಲ್ಟು ತುಕ್ಕು ಹಿಡಿದು ತಿರುಗಲಿಲ್ಲ. ಅವರು ಅಲ್ಲೇ ಕೂತು ಏದುಸಿರು ಬಿಟ್ಟರು.

"ನೀರು," ಎಂದರು. ಯಾರಿಗೆ ಹೇಳಿದರೆಂದು ಗೊತ್ತಾಗಲಿಲ್ಲ.

ಸೆರ್ಪಿನ ಕಾಂತಿಯ ಕೈಗೆ ಏಣಿ ಒಪ್ಪಿಸಿ ಅರ್ಧ ಮಾಡು ಹೋದ ಗೂಡಿನೊಳಗೆ ಹೋದಳು. ಬಹಳ ಬಿಸಿಲೆಂದು ನೀರಿಗೆ ಸ್ವಲ್ಪ ಬೆಲ್ಲ ಕದಡಿ, ಏಣಿ ಹತ್ತಿ, ಧಣಿಯ ಕೈಗೆ ಲೋಟ ಕೊಟ್ಟು ಇಳಿದು, ಮತ್ತೆ ಏಣಿ ಹಿಡಿದುಕೊಂಡಳು.

ಧಣಿ ಲೋಟ ಎತ್ತಿ ಅಡಿ ನೋಡಿದರು.

"ಬೇರೆ ಲೋಟ ಇಲ್ವಾ?"

"ನನ್ನ ಹತ್ರ ಇರುವುದು ನೀವು ಕೊಟ್ಟದ್ದೇ ಧಣಿ."

ರಸ್ತೆಯಲ್ಲಿ ನಾಸಿರನ ಸ್ಕೂಟರು ನಿಂತಿತ್ತು. ಅದರ ಹಿಂದೆ ಕೈನೋವು, ಕಾಲುನೋವು, ಹಲ್ಲುನೋವಿನವರೆಲ್ಲ ಸಾಲಾಗಿ ನಿಂತಿದ್ದರು. ಧಣಿ ಆ ಕಡೆ ನೋಡಿದರು, ಲೋಟ ನೋಡಿದರು. ರಸ್ತೆಗೆ ಬೆನ್ನು ಹಾಕಿ ತಿರುಗಿ ಕೂತರು. ಈ ಕಡೆ ಕಾಂತಿ ಇದ್ದಳು.

ಧಣಿ ತಲೆ ಹಿಂದೆ ಹಾಕಿ ಲೋಟ ಎತ್ತಿದರು. ಕೆಳಗಿನಿಂದ ನೋಡುವಾಗ ಆ ಕೆಂಪು ಬೊಟ್ಟು ಸರಿಯಾಗಿ ಅವರ ಹಣೆಯ ಮೇಲೆ ಕೂತ ಹಾಗೆ ಕಾಣುತ್ತಿತ್ತು.

"ಬಾಯಕ್ಕ," ಎಂದಳು ಕಾಂತಿ ಮೆಲ್ಲಗೆ, "ಈಗ ಏಣಿ ಬಿಡು."

ಸೆರ್ಪಿನ ಬಿಡಲಿಲ್ಲ. ಮೇಲೆ ಇನ್ನೂ ಶೀಟುಗಳಿದ್ದವು.